ನಿಮಗಿದು ಗೊತ್ತೇ? ಎಲೆ ಉದುರುವ ಕಾಲದ ಅಂಗಳ

ಅಮೆರಿಕದ ಮನೆಗಳ ಮುಂದೆ, ಪಾರ್ಕುಗಳಲ್ಲಿ, ಗಾಲ್ಫ್ ಮೈದಾನಗಳಲ್ಲಿ ಹರಡಿರುವ ಹುಲ್ಲುಹಾಸನ್ನೆಲ್ಲ ಒಂದೆಡೆ ಸೇರಿಸಿದರೆ ಎಷ್ಟಾದೀತು? ನಾಸಾದ ಸಂಶೋಧಕಿ ಕ್ರಿಸ್ಟಿನಾ ಮಿಲೇಸಿ ಮತ್ತು ಸಂಗಡಿಗರು 2005ರಲ್ಲಿ ಹಾಕಿದ ಅಂದಾಜು ಸುಮಾರು 1,63,000 ಚದರ ಕಿ.ಮೀ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಆ ದೇಶದಲ್ಲಿ ನೀರು ಹಾಯಿಸಿ ಬೆಳೆಯುವ ಮೆಕ್ಕೆಜೋಳದ ಮೂರು ಪಟ್ಟು ಜಾಗ ಈ ಹುಲ್ಲಿಗೆ ಹೋಗಿದೆ. ದನ ಮೇಯುವುದಿಲ್ಲ, ಸಂತೆಗೂ ಹೋಗುವುದಿಲ್ಲ.

ದನ ಮೇಯದಿದ್ದರೇನು, ಕುರಿ ಮೇಯ್ದದ್ದುಂಟು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಶ್ವೇತಭವನದ ಹುಲ್ಲಿನ ಮೇಲೆ ಕುರಿಮಂದೆ ಬಿಟ್ಟಿದ್ದರು. ಹುಲ್ಲು ಕತ್ತರಿಸುವ ಆಳುಗಳ ಖರ್ಚು ಉಳಿಯಿತು. ಉಣ್ಣೆ ಹರಾಜಾಗಿ ರೆಡ್‌ಕ್ರಾಸ್‌ಗೆ 52,000 ಡಾಲರ್‌ಗೂ ಹೆಚ್ಚು ಹಣ ಬಂತು.

ಹುಲ್ಲು ಕತ್ತರಿಸುವ ಯಂತ್ರ ಹುಟ್ಟಿದ್ದು ಬಟ್ಟೆ ಗಿರಣಿಯ ಸಹವಾಸದಿಂದ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡ್ಡಿಂಗ್, ಉಣ್ಣೆ ಬಟ್ಟೆಯ ಮೇಲಿನ ಜುಂಗು ಸವರುವ ಯಂತ್ರವನ್ನು ನೋಡಿ 1830ರಲ್ಲಿ ಇದನ್ನು ರೂಪಿಸಿದ.

ಅಮೆರಿಕದ ಉತ್ತರದ ಚಳಿರಾಜ್ಯಗಳ ಹುಲ್ಲಿಗೆ ಒಳ್ಳೆಯ ಕಾಲ ಬೇಸಿಗೆಯಲ್ಲ, ಸೆಪ್ಟೆಂಬರ್, ಅಕ್ಟೋಬರ್. ಕೆಂಟಕಿ ಬ್ಲೂಗ್ರಾಸ್, ಫೆಸ್ಕ್ಯೂ, ರೈಗ್ರಾಸ್ ಜಾತಿಗಳಿಗೆ 15ರಿಂದ 24 ಡಿಗ್ರಿ ಸೆಲ್ಸಿಯಸ್ ಹಿತ. ಜುಲೈ ಬಿಸಿಲಿಗೆ ಅವು ಬಾಡಿ ಹಳದಿಯಾಗುತ್ತವೆ. ಮಣ್ಣು ತಣ್ಣಗಾಗತೊಡಗಿದಾಗ ಮೇಲಿನ ಬೆಳವಣಿಗೆ ನಿಧಾನವಾಗಿ ಬೇರು ಹಿಗ್ಗುತ್ತದೆ. ಹಾಗಾಗಿ ವರ್ಷಕ್ಕೆ ಒಂದೇ ಸಲ ಗೊಬ್ಬರ ಹಾಕುವ ಸೋಮಾರಿಗೆ ಅಲ್ಲಿನ ತಜ್ಞರು ಹೇಳುವುದು ಶರತ್ಕಾಲದಲ್ಲಿ ಹಾಕು ಅಂತ. ನಮ್ಮವರು ಅಲ್ಲಿಗೆ ಹೋದ ಹೊಸದರಲ್ಲಿ ಏಪ್ರಿಲ್‌ನಲ್ಲೇ ಹುರುಪಿನಿಂದ ಚೀಲಗಟ್ಟಲೆ ಸುರಿಯುತ್ತಾರೆ. ಹುಲ್ಲು ದಡದಡ ಬೆಳೆದು ವಾರಕ್ಕೆರಡು ಸಲ ಮಿಷನ್ ತಳ್ಳುವ ಕೆಲಸವಷ್ಟೇ ಹೆಚ್ಚುತ್ತದೆ.

ಬೀಜ ಬಿತ್ತುವುದಕ್ಕೂ ಇದೇ ಸಮಯ. ರೈಗ್ರಾಸ್ ಒಂದು ವಾರದಲ್ಲಿ ಮೊಳೆಯುತ್ತದೆ. ಬ್ಲೂಗ್ರಾಸ್‌ಗೆ ಎರಡರಿಂದ ಮೂರು ವಾರ ಬೇಕು. ಎರಡನ್ನೂ ಬೆರೆಸಿದ ಪೊಟ್ಟಣ ತಂದು ಹಾಕಿ, ಹತ್ತನೇ ದಿನಕ್ಕೆ ಹಸಿರು ಕಂಡಿತೆಂದು ನೀರು ನಿಲ್ಲಿಸಿದರೆ, ಬಹುಕಾಲ ಬಾಳಬೇಕಾದ ಬ್ಲೂಗ್ರಾಸ್ ಮೊಳಕೆಯಲ್ಲೇ ಒಣಗುತ್ತದೆ. ಅಕ್ಟೋಬರ್ ದಾಟಿತೇ? ಇನ್ನೊಂದು ಉಪಾಯವಿದೆ. ನೆಲ ಹೆಪ್ಪುಗಟ್ಟುವ ಮುಂಚೆ, ಮೊಳೆಯಲಾರದಷ್ಟು ಚಳಿ ಇರುವಾಗ ಬೀಜ ಎರಚಿ ಸುಮ್ಮನಿರುವುದು. ಅದು ಹಿಮದಡಿಯಲ್ಲಿ ಬಿದ್ದಿದ್ದು ವಸಂತದಲ್ಲಿ ತಾನಾಗಿ ಏಳುತ್ತದೆ.

ದಕ್ಷಿಣದ ಜಾರ್ಜಿಯಾ, ಟೆಕ್ಸಸ್ ಕಡೆಯ ಹುಲ್ಲು ಬೇರೆ. ಅದರ ಹೆಸರು ಬರ್ಮುಡಾ ಗ್ರಾಸ್. ಇದು ನಮ್ಮ ಗರಿಕೆಯೇ! ಚೌತಿಯ ದಿನ ಗಣಪತಿಗೆ ಇಪ್ಪತ್ತೊಂದು ಎಣಿಸಿ ಏರಿಸುವ ಅದೇ ಗಂಟುಗಂಟಾದ ಹುಲ್ಲು, ಸಸ್ಯಶಾಸ್ತ್ರದ ಸೈನೊಡಾನ್ ಡ್ಯಾಕ್ಟಿಲಾನ್. ಹೊಲದ ರೈತ ಕಿತ್ತಷ್ಟೂ ಬರುವ ಕಳೆ ಎಂದು ಶಪಿಸುವ ಇದನ್ನು ಅಲ್ಲಿ ಚದರಡಿ ಲೆಕ್ಕದಲ್ಲಿ ಕೊಂಡು ಹಾಸುತ್ತಾರೆ. ಮಣ್ಣು 10 ಡಿಗ್ರಿಗಿಂತ ತಣ್ಣಗಾದರೆ ಗರಿಕೆ ನಿದ್ದೆಗೆ ಜಾರಿ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಸತ್ತಿರುವುದಿಲ್ಲ, ನೆಲದೊಳಗಿನ ಗೆಣ್ಣುಗಳಲ್ಲಿ ಜೀವವಿರುತ್ತದೆ. ಆ ಬಣ್ಣ ಸಹಿಸದವರಿಗಾಗಿ ಹುಲ್ಲಿಗೆ ಹೊಡೆಯುವ ಹಸಿರು ಬಣ್ಣವೇ ಮಾರುಕಟ್ಟೆಯಲ್ಲಿದೆ. ಸ್ಪ್ರೇಯರ್ ಬೆನ್ನಿಗೇರಿಸಿಕೊಂಡು ಹುಲ್ಲಿಗೆ ಪೇಂಟ್ ಹೊಡೆಯುವವರು ನಿಜವಾಗಿಯೂ ಇದ್ದಾರೆ.

ಗಾಲ್ಫ್ ನೋಡುವವರಿಗೆ ಗೊತ್ತಿರುವ ಅಗಸ್ಟಾ ನ್ಯಾಷನಲ್ ಮೈದಾನದ ಕಡುಹಸಿರು ಕೂಡ ಗರಿಕೆಯದಲ್ಲ. ಅಲ್ಲಿ ಪ್ರತಿ ಶರತ್ಕಾಲ ಗರಿಕೆಯ ಮೇಲೆ ರೈಗ್ರಾಸ್ ಬೀಜ ಬಿತ್ತುತ್ತಾರೆ. ಏಪ್ರಿಲ್‌ನ ಮಾಸ್ಟರ್ಸ್ ಪಂದ್ಯದಲ್ಲಿ ಟಿ.ವಿ.ಯಲ್ಲಿ ಮಿಂಚುವುದು ಆ ಚಳಿಗಾಲದ ಹುಲ್ಲು. ಸೆಕೆ ಏರಿದಾಗ ಅದು ಹೋಗಿ ಕೆಳಗಿನ ಗರಿಕೆ ಮತ್ತೆ ತಲೆ ಎತ್ತುತ್ತದೆ.

ಈಗ ಎಲೆಗಳ ವಿಷಯ. ಮೇಪಲ್ ಎಲೆಯ ಹಳದಿ ಅಕ್ಟೋಬರ್‌ನಲ್ಲಿ ಹೊಸದಾಗಿ ಬಂದದ್ದಲ್ಲ, ಬೇಸಿಗೆಯಿಡೀ ಹರಿತ್ತಿನ ಹಿಂದೆ ಅಡಗಿದ್ದದ್ದು. ಹಗಲು ಕುಗ್ಗಿದಾಗ ಹರಿತ್ತು ಒಡೆದು ಹೋಗಿ ಅದು ಕಾಣಿಸುತ್ತದೆ. ಕೆಂಪು ಮಾತ್ರ ಹೊಸ ತಯಾರಿ: ಎಲೆಯಲ್ಲಿ ಸಿಕ್ಕಿಕೊಂಡ ಸಕ್ಕರೆಯಿಂದ ಆಂಥೋಸಯನಿನ್ ಎಂಬ ಬಣ್ಣ ಆಗ ಉತ್ಪತ್ತಿಯಾಗುತ್ತದೆ. ಹಗಲು ಬಿಸಿಲು, ರಾತ್ರಿ ತಂಪು ಇದ್ದ ವರ್ಷ ಕೆಂಪು ಜೋರು. ಇದೇ ಹೊತ್ತಿಗೆ ಮರ ಎಲೆಯಲ್ಲಿದ್ದ ಸಾರಜನಕದ ಸುಮಾರು ಅರ್ಧದಷ್ಟನ್ನು ವಾಪಸು ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ಬಿರಡೆಯಂಥ ಪದರ ಕಟ್ಟಿ, ಆಮೇಲೆ ಎಲೆಯನ್ನು ಕಳಚುತ್ತದೆ.

ಗಿಂಕೊ ಮರದ್ದು ಬೇರೆಯೇ ಕಥೆ. ಮೊದಲ ಗಟ್ಟಿ ಚಳಿ ಬಿದ್ದ ಬೆಳಿಗ್ಗೆ ತನ್ನ ಹಳದಿ ಎಲೆಗಳನ್ನೆಲ್ಲ ಕೆಲವೇ ಗಂಟೆಗಳಲ್ಲಿ ಸುರಿದುಬಿಡುವುದುಂಟು. ಗುಡಿಸುವವರಿಗೆ ಇದಕ್ಕಿಂತ ಸಭ್ಯ ಮರ ಇನ್ನೊಂದಿಲ್ಲ. ಓಕ್ ಇದಕ್ಕೆ ತದ್ವಿರುದ್ಧ. ಒಣಗಿದ ಎಲೆಗಳನ್ನು ಬಿಡದೆ ಫೆಬ್ರುವರಿವರೆಗೂ ನೇತುಹಾಕಿಕೊಂಡಿರುತ್ತದೆ.

ನಮ್ಮ ಬಯಲುಸೀಮೆಯ, ಮಲೆನಾಡಿನ ಕಾಡುಗಳೂ ಎಲೆ ಉದುರಿಸುತ್ತವೆ, ಆದರೆ ಚಳಿಗೆ ಹೆದರಿ ಅಲ್ಲ. ಮಳೆ ನಿಂತು ನೆಲದ ತೇವ ಇಂಗಿದ ಮೇಲೆ ನೀರಿನ ಖರ್ಚು ಉಳಿಸಲು.

ಉದುರಿದ ಎಲೆಯ ಗತಿ ಮಾತ್ರ ಎರಡೂ ಕಡೆ ಎಷ್ಟು ಬೇರೆ ನೋಡಿ. ಉತ್ತರ ಕನ್ನಡದಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡು ಸೊಪ್ಪಿನ ಬೆಟ್ಟವಿರುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಹಕ್ಕು ಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿಂದ ಗುಡಿಸಿ ತಂದ ದರಕು, ಅಂದರೆ ತರಗೆಲೆ, ಮೊದಲು ಕೊಟ್ಟಿಗೆಗೆ ಹಾಸಾಗುತ್ತದೆ, ಸಗಣಿ ಗಂಜಲ ಹೀರಿ ಗೊಬ್ಬರಗುಂಡಿ ಸೇರುತ್ತದೆ, ಕೊನೆಗೆ ಮರದ ಬುಡಕ್ಕೆ ಬೀಳುತ್ತದೆ. ಅಮೆರಿಕದಲ್ಲಿ ಮನೆಯ ಮುಂದೆಯೇ ಬಿದ್ದ ಅದೇ ಸಾಮಗ್ರಿಯನ್ನು ದೊಡ್ಡ ಕಾಗದದ ಚೀಲಗಳಿಗೆ ತುಂಬಿ ರಸ್ತೆಯಂಚಿಗೆ ಇಡುತ್ತಾರೆ, ಪುರಸಭೆಯ ಲಾರಿ ಬಂದು ಒಯ್ಯುತ್ತದೆ. ಆಮೇಲೆ ಅಂಗಡಿಗೆ ಹೋಗಿ ಗೊಬ್ಬರದ ಚೀಲ ಕೊಂಡು ತರುತ್ತಾರೆ. 2018ರಲ್ಲಿ ಆ ದೇಶದ ಅಂಗಳಗಳಿಂದ ಹೊರಬಿದ್ದ ಎಲೆ, ಹುಲ್ಲು, ರೆಂಬೆಗಳ ತೂಕ 3 ಕೋಟಿ 54 ಲಕ್ಷ ಟನ್, ಊರ ಕಸದ ಶೇ 12ರಷ್ಟು. ಅದರಲ್ಲಿ ಶೇ 63 ಕಾಂಪೋಸ್ಟ್ ಆಯಿತು ಎನ್ನುವುದು ಸಮಾಧಾನ. ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಇಂಥ ಕಸವನ್ನು ಕಸದಗುಂಡಿಗೆ ಸುರಿಯುವುದಕ್ಕೆ ನಿರ್ಬಂಧ ಹಾಕಿವೆ.

ಹಾಗಾದರೆ ಗುಡಿಸಲೇಬೇಕೇ? ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಹುಲ್ಲು ವಿಜ್ಞಾನಿಗಳು ವರ್ಷಗಟ್ಟಲೆ ಪ್ರಯೋಗ ಮಾಡಿ ಹೇಳಿದ್ದು: ಬೇಡ. ಅರ್ಧ ಅಡಿ ದಪ್ಪ ಎಲೆ ಬಿದ್ದಿದ್ದರೂ ಹುಲ್ಲು ಕತ್ತರಿಸುವ ಯಂತ್ರವನ್ನೇ ಅದರ ಮೇಲೆ ಎರಡು ಮೂರು ಸಲ ಓಡಿಸಿ ಪುಡಿ ಮಾಡಿದರೆ ಆ ಪುಡಿ ಹುಲ್ಲಿನ ಸಂದಿಗಿಳಿದು ಕೊಳೆಯುತ್ತದೆ. ಡ್ಯಾಂಡಿಲಯನ್ ಕಳೆಯೂ ತಗ್ಗುತ್ತದೆ. ಇಡೀ ಎಲೆಗಳು ಒದ್ದೆಯಾಗಿ ಚಾಪೆಗಟ್ಟಿದರೆ ಮಾತ್ರ ಅಡಿಯ ಹುಲ್ಲು ಉಸಿರುಗಟ್ಟುತ್ತದೆ.

ಗುಡಿಸುವ ಬದಲು ಊದುವ ಯಂತ್ರದ ಕಥೆಯನ್ನಂತೂ ಕೇಳಲೇಬೇಡಿ. ಪೆಟ್ರೋಲಿನ ಲೀಫ್ ಬ್ಲೋವರ್ ಒಂದು ಗಂಟೆ ಓಡಿದರೆ ಹೊರಬೀಳುವ ಹೊಂಜು (ಸ್ಮಾಗ್) ಹುಟ್ಟಿಸುವ ಮಾಲಿನ್ಯ, ಒಂದು ಟೊಯೋಟಾ ಕ್ಯಾಮ್ರಿ ಕಾರು 1,100 ಮೈಲಿ ಓಡಿದ್ದಕ್ಕೆ ಸಮ. ಇದು ಕ್ಯಾಲಿಫೋರ್ನಿಯಾದ ವಾಯುಮಂಡಳಿಯದೇ ಲೆಕ್ಕ. ವಾಷಿಂಗ್ಟನ್ ನಗರ 2022ರ ಆರಂಭದಿಂದ ಇದನ್ನು ನಿಷೇಧಿಸಿದೆ. ಪಕ್ಕದ ಮನೆಯವರು ಭಾನುವಾರ ಬೆಳಿಗ್ಗೆ ಎಂಟಕ್ಕೆ ಅದನ್ನು ಶುರು ಮಾಡಿದ ಅನುಭವ ಇದ್ದವರಿಗೆ ನಿಷೇಧದ ಕಾರಣ ವಿವರಿಸಬೇಕಿಲ್ಲ.

ಎಲೆರಾಶಿಯಲ್ಲಿ ಬಾಡಿಗೆದಾರರೂ ಇರುತ್ತಾರೆ. ಮಿಂಚುಹುಳದ ಮರಿ ಒಂದೆರಡು ವರ್ಷ ಕಳೆಯುವುದು ತೇವದ ಮಣ್ಣು ಮತ್ತು ತರಗೆಲೆಯಲ್ಲಿ. ಶರತ್ಕಾಲದಲ್ಲಿ ಅಂಗಳ ಬೋಳಿಸಿದವರು ಜೂನ್‌ನಲ್ಲಿ ಮಿಂಚುಹುಳ ಕಾಣೆಯಾಯಿತೆಂದು ಬೇಸರಪಟ್ಟರೆ ಯಾರನ್ನು ದೂರುವುದು? ಬಂಬಲ್‌ಬೀ ಗೂಡಿನಲ್ಲಿ ಚಳಿಗೆ ಎಲ್ಲವೂ ಸಾಯುತ್ತವೆ, ಹೊಸ ರಾಣಿಗಳು ಮಾತ್ರ ನೆಲದಲ್ಲಿ ಹುದುಗಿ ಉಳಿಯುತ್ತವೆ.

ಎಲ್ಲಕ್ಕಿಂತ ಅಚ್ಚರಿಯದು ಕಾಡುಗಪ್ಪೆ. ಜಾರ್ಜಿಯಾದಿಂದ ಅಲಾಸ್ಕದವರೆಗೆ ಇರುವ ಈ ಕಪ್ಪೆ ತರಗೆಲೆಯಡಿ ಕೂತಲ್ಲೇ ಹೆಪ್ಪುಗಟ್ಟುತ್ತದೆ. ಮೈಯೊಳಗಿನ ನೀರಿನ ಅರ್ಧಕ್ಕೂ ಹೆಚ್ಚು ಭಾಗ ಮಂಜುಗಡ್ಡೆಯಾಗುತ್ತದೆ, ಹೃದಯ ನಿಲ್ಲುತ್ತದೆ, ಉಸಿರಿಲ್ಲ. ಯಕೃತ್ತು ರಕ್ತಕ್ಕೆ ಸುರಿದ ಗ್ಲೂಕೋಸ್ ಜೀವಕೋಶಗಳ ಒಳಗೆ ಮಂಜು ಕಟ್ಟದಂತೆ ಕಾಯುತ್ತದೆ. ವಸಂತದಲ್ಲಿ ಕರಗಿ, ಎದೆ ಬಡಿತ ಶುರುವಾಗಿ, ಹಾರಿ ಹೋಗುತ್ತದೆ. ಅದರ ಮೇಲೆ ನಾವು ರೇಕ್ ಎಳೆಯದಿದ್ದರೆ.

ಸಕ್ಕರೆಯ ಇದೇ ಉಪಾಯ ತರಕಾರಿಗೂ ಗೊತ್ತು. ಕ್ಯಾರೆಟ್, ಕೇಲ್, ಪಾರ್ಸ್‌ನಿಪ್‌ಗಳಿಗೆ ಚಳಿ ತಾಗಿದರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಕರಗಿದ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಮೊದಲ ಫ್ರಾಸ್ಟ್, ಅಂದರೆ ಇಬ್ಬನಿ ಹೆಪ್ಪುಗಟ್ಟುವ ಚಳಿ, ಬಿದ್ದ ಮೇಲೆ ಕಿತ್ತ ಕ್ಯಾರೆಟ್ ಹಲ್ವಕ್ಕೆ ಚೆನ್ನ.

ಫ್ರಾಸ್ಟ್ ಬಿದ್ದು ಬೆಳ್ಳಗಾದ ಹುಲ್ಲಿನ ಮೇಲೆ ನಡೆಯಬೇಡಿ. ಹೆಪ್ಪುಗಟ್ಟಿದ ಎಲೆಯ ಕೋಶಗಳು ಬೂಟಿನಡಿ ಒಡೆದು, ಬಿಸಿಲೇರಿದ ಮೇಲೆ ಹೆಜ್ಜೆ ಹೆಜ್ಜೆಗೂ ಕಂದು ಗುರುತು ಮೂಡುತ್ತದೆ. ಪೇಪರ್ ಹಾಕುವ ಹುಡುಗ ಯಾವ ದಾರಿಯಲ್ಲಿ ಬಂದ ಎಂದು ವಾರದ ಮೇಲೂ ಹೇಳಬಹುದು.

ಚಳಿಗಾಲಕ್ಕೆ ಗಿಡದ ಬುಡಕ್ಕೆ ಹುಲ್ಲು, ತೊಗಟೆ ಹೊದಿಸುವುದು ಬೆಚ್ಚಗಿಡಲು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವ ಉಲ್ಟಾ. ನೆಲ ಹೆಪ್ಪುಗಟ್ಟಿದ ಮೇಲೆಯೇ ಹೊದಿಸಬೇಕು, ಹೆಪ್ಪುಗಟ್ಟಿದ್ದು ಹಾಗೇ ಇರಲಿ ಎಂದು. ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾಗುವ ಮಣ್ಣು ಉಬ್ಬಿ ಉಬ್ಬಿ ಹೊಸದಾಗಿ ನೆಟ್ಟ ಗಿಡವನ್ನು ಬೇರುಸಹಿತ ಮೇಲಕ್ಕೆ ತಳ್ಳುತ್ತದೆ. ಬೇರು ಗಾಳಿಗೆ ಒಣಗಿ ಸಾಯುತ್ತದೆ. ಇನ್ನು ಬೀಳುವ ಹಿಮವಂತೂ ಪುಕ್ಕಟೆ ಹೊದಿಕೆ. ಹೊಸ ಹಿಮದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಗಾಳಿಯೇ ಇರುವುದರಿಂದ, ಹೊರಗೆ ಮೈನಸ್ 20 ಇದ್ದರೂ ದಪ್ಪ ಹಿಮದಡಿಯ ಮಣ್ಣು ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಹಿಮ ಬೀಳದ ಬರಿಯ ಚಳಿಯೇ ಗಿಡಗಳಿಗೆ ಹೆಚ್ಚು ಅಪಾಯ.

ಚಳಿಗಾಲದಲ್ಲಿ ಹಸಿರಾಗಿರುವ ಗಿಡ ಸತ್ತರೆ ಅದು ಹಲವು ಸಲ ಬಾಯಾರಿ ಸತ್ತದ್ದು. ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ, ಹೆಪ್ಪುಗಟ್ಟಿದ ನೆಲದಿಂದ ಬೇರಿಗೆ ಹನಿಯೂ ಸಿಗುವುದಿಲ್ಲ. ಅದಕ್ಕೇ ನವೆಂಬರ್‌ನಲ್ಲಿ ಕೊನೆಯದೊಂದು ಸಲ ಚೆನ್ನಾಗಿ ನೀರುಣಿಸುತ್ತಾರೆ. ರೋಡೊಡೆಂಡ್ರಾನ್ ಗಿಡ ಇದನ್ನು ತಾನೇ ನಿಭಾಯಿಸುತ್ತದೆ: ಕಡುಚಳಿ ಬಂದಾಗ ಎಲೆಗಳನ್ನು ಕೆಳಗಿಳಿಬಿಟ್ಟು ಬೀಡಿ ಸುತ್ತಿದ ಹಾಗೆ ಸುತ್ತಿಕೊಳ್ಳುತ್ತದೆ. ಎಷ್ಟು ಬಿಗಿ ಸುತ್ತಿದೆ ಎಂದು ಕಿಟಕಿಯಿಂದ ನೋಡಿಯೇ ಕೋಟು ಯಾವುದು ಹಾಕಬೇಕೆಂದು ನಿರ್ಧರಿಸುವವರಿದ್ದಾರೆ.

ಮರದ ಬುಡಕ್ಕೆ ಸುಣ್ಣ ಬಳಿಯುವುದು ಅಂದಕ್ಕಲ್ಲ. ಚಳಿನಾಡಿನಲ್ಲಿ ಜನವರಿಯ ಮಧ್ಯಾಹ್ನದ ಬಿಸಿಲು ಕಾಂಡದ ನೈಋತ್ಯ ಮಗ್ಗುಲನ್ನು ಕಾಯಿಸುತ್ತದೆ. ತೊಗಟೆಯ ಕೋಶಗಳು ಎಚ್ಚರಗೊಳ್ಳುತ್ತವೆ. ಸೂರ್ಯ ಮುಳುಗಿದ್ದೇ ತಾಪ ಧಸಕ್ಕನೆ ಇಳಿದು ಅವು ಸತ್ತು ತೊಗಟೆ ಸೀಳುತ್ತದೆ. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ. ನಮ್ಮ ಅಡಿಕೆ ಬೆಳೆಗಾರರೂ ಇದೇ ನೈಋತ್ಯ ಮಗ್ಗುಲಿಗೆ ಸುಣ್ಣ ಬಳಿಯುತ್ತಾರೆ, ಇಲ್ಲವೇ ಸೋಗೆ ಕಟ್ಟುತ್ತಾರೆ. ಮಳೆ ಬಿಟ್ಟು ಸೂರ್ಯ ದಕ್ಷಿಣಕ್ಕೆ ವಾಲಿದ ತಿಂಗಳುಗಳಲ್ಲಿ ಇಳಿಬಿಸಿಲು ಎಳೆಯ ಕಾಂಡವನ್ನು ಸುಡುತ್ತದೆ. ಅಲ್ಲಿ ಕೊಲ್ಲುವುದು ರಾತ್ರಿಯ ಚಳಿ, ಇಲ್ಲಿ ಹಗಲಿನ ಉರಿ, ದಿಕ್ಕು ಒಂದೇ.

ಟ್ಯುಲಿಪ್ ಗಡ್ಡೆಯನ್ನು ಶರತ್ಕಾಲದಲ್ಲೇ ನೆಡಬೇಕು. ಅದಕ್ಕೆ 12ರಿಂದ 16 ವಾರ ಚಳಿ ಸಿಗದಿದ್ದರೆ ಹೂವಿಲ್ಲ. ಶ್ರೀನಗರದ ಟ್ಯುಲಿಪ್ ತೋಟದಲ್ಲೂ ಅಕ್ಟೋಬರ್, ನವೆಂಬರ್‌ನಲ್ಲಿ ಗಡ್ಡೆ ಹೂಳಿ ಮಾರ್ಚ್, ಏಪ್ರಿಲ್‌ನಲ್ಲಿ ಪ್ರವಾಸಿಗರನ್ನು ಕರೆಯುತ್ತಾರೆ. ಬೆಳ್ಳುಳ್ಳಿಗೂ ಚಳಿ ಬೇಕು, ಸಿಗದಿದ್ದರೆ ಎಸಳು ಒಡೆಯದೆ ಒಂಟಿ ಗಡ್ಡೆಯಾಗಿ ಉಳಿಯುತ್ತದೆ. ಅಳಿಲು ಟ್ಯುಲಿಪ್ ಗಡ್ಡೆಯನ್ನು ಅಗೆದು ತಿನ್ನುತ್ತದೆ, ಡ್ಯಾಫೊಡಿಲ್ ಮುಟ್ಟುವುದಿಲ್ಲ. ಅದು ವಿಷ.

ಕೆನಡಾದ ಒಟ್ಟಾವಾ ನಗರಕ್ಕೆ ನೆದರ್‌ಲೆಂಡ್ಸ್‌ನಿಂದ ಪ್ರತಿ ವರ್ಷ ಟ್ಯುಲಿಪ್ ಗಡ್ಡೆಗಳು ಉಡುಗೊರೆಯಾಗಿ ಬರುತ್ತವೆ. ಹಿಟ್ಲರನ ಸೇನೆ ಡಚ್ಚರ ನಾಡನ್ನು ಹಿಡಿದಾಗ ರಾಜಕುಮಾರಿ ಯೂಲಿಯಾನಾ ಮಕ್ಕಳೊಂದಿಗೆ ಒಟ್ಟಾವಾದಲ್ಲಿ ಆಶ್ರಯ ಪಡೆದಿದ್ದರು. 1943ರ ಜನವರಿ 19ರಂದು ಅಲ್ಲಿನ ಆಸ್ಪತ್ರೆಯಲ್ಲಿ ಅವರಿಗೆ ಮಾರ್ಗ್ರೀಟ್ ಹುಟ್ಟಿದರು. ಮಗು ಹುಟ್ಟಿನಿಂದ ಕೆನಡಾ ಪ್ರಜೆಯಾಗಿಬಿಟ್ಟರೆ ತೊಡಕಾದೀತೆಂದು ಕೆನಡಾ ಸರ್ಕಾರ ಹೆರಿಗೆ ಕೋಣೆಯನ್ನು ತನ್ನ ನೆಲವಲ್ಲವೆಂದು ಘೋಷಿಸಿತ್ತು! 1945ರಲ್ಲಿ ಒಂದು ಲಕ್ಷ ಗಡ್ಡೆ ಬಂತು, ಆಮೇಲೂ ನಿಂತಿಲ್ಲ. ಶರತ್ಕಾಲದಲ್ಲಿ ನೆಟ್ಟವು ಮೇ ತಿಂಗಳ ಉತ್ಸವದಲ್ಲಿ ಅರಳುತ್ತವೆ.

ಸೇಬಿನ ಹಳೆಯ ತಳಿಗಳಿಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ವರ್ಷಕ್ಕೆ ಸಾವಿರ ಗಂಟೆಯಷ್ಟು ಬೇಕು. ಬೆಂಗಳೂರಿನ ದಾಖಲೆಯ ಕನಿಷ್ಠ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಅಂದರೆ ನೂರೈವತ್ತು ವರ್ಷಗಳ ಹತ್ತಿರ ಹತ್ತಿರ ಕಾದರೂ ಒಂದು ಗಂಟೆ ಜಮೆಯಾಗಿಲ್ಲ. ಹಾಗಿದ್ದೂ ಕರ್ನಾಟಕದಲ್ಲಿ ಈಚೆಗೆ ಸೇಬು ಕಾಣುತ್ತಿದೆಯಲ್ಲ? ಅದು ಹಿಮಾಚಲದ ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಬೆಳೆಸಿದ, ಚಳಿ ಅಷ್ಟಾಗಿ ಬೇಡದ ಎಚ್‌ಆರ್‌ಎಂಎನ್-99 ತಳಿಯ ಕೊಡುಗೆ. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಅಮೆರಿಕದ ಹಿತ್ತಲಲ್ಲಿ ಅವರೆ ಹಾಕಿದ ಕನ್ನಡಿಗರ ಗೋಳು ಕೇಳಿದ್ದೀರಾ? ಮೇ ತಿಂಗಳಲ್ಲಿ ಬೀಜ ಊರುತ್ತಾರೆ. ಬಳ್ಳಿ ಬೇಲಿ ಹತ್ತಿ, ಪಕ್ಕದವರ ಬೇಲಿಗೂ ಹಬ್ಬಿ, ಆಗಸ್ಟ್ ಹೊತ್ತಿಗೆ ಸೊಂಪಾಗಿ ನಿಲ್ಲುತ್ತದೆ. ಹೂ ಮಾತ್ರ ಒಂದೂ ಇಲ್ಲ. ಗೊಬ್ಬರ ಕಮ್ಮಿಯಾಯಿತೇ, ನೀರು ಹೆಚ್ಚಾಯಿತೇ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ನಾಟಿ ಅವರೆ ಹೂ ಬಿಡುವುದು ಹಗಲು ಕುಗ್ಗಿದಾಗ. ಚಿಕಾಗೊದಲ್ಲಿ ಜೂನ್‌ನ ಹಗಲು 15 ಗಂಟೆಗೂ ಹೆಚ್ಚು, ಬೆಂಗಳೂರಿನಲ್ಲಿ 13ನ್ನೂ ಮುಟ್ಟುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಕಂಕಣ ಕೂಡಿ ಬಂದು ಹೂಗೊಂಚಲು ಏಳುತ್ತದೆ, ಅಕ್ಟೋಬರ್ ಮುಗಿಯುವುದರೊಳಗೆ ಫ್ರಾಸ್ಟ್ ಬಂದು ಬಳ್ಳಿಯನ್ನು ಕರಕಲು ಮಾಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3 ಮತ್ತು 4 ಹಗಲಿನ ಉದ್ದ ನೋಡದೆ ಹೂ ಬಿಡುವ ತಳಿಗಳು. ಇಲ್ಲಿ ವರ್ಷವಿಡೀ ಅವರೆಕಾಯಿ ಸಿಗುವಂತೆ ಮಾಡಿದ್ದು ಅವೇ. ಹಿತಕಿದ ಬೇಳೆ ಸಾರಿನ ಆಸೆ ಇದ್ದರೆ ಅಲ್ಲಿಗೂ ಅವೇ ಸರಿ. ಸೊಗಡು ಮಾತ್ರ ಕೇಳಬೇಡಿ.

ಸೇವಂತಿಗೆಯೂ ಇದೇ ಪಂಗಡ. ಕ್ರಿಸ್‌ಮಸ್ ಗಿಡವೆಂದು ಮಾರುವ ಕೆಂಪು ಪಾಯಿನ್‌ಸೆಟಿಯಾ ಕೂಡ. ಅಕ್ಟೋಬರ್‌ನಿಂದ ಎರಡು ತಿಂಗಳು ದಿನಕ್ಕೆ 14 ಗಂಟೆ ಗಟ್ಟಿ ಕತ್ತಲೆ ಸಿಗದಿದ್ದರೆ ಅದು ಹಸಿರಾಗಿಯೇ ಉಳಿಯುತ್ತದೆ. ಬೀದಿದೀಪದ ಬೆಳಕು ಬಿದ್ದರೂ ಕೆಟ್ಟಿತು. ಆ ಕೆಂಪು ದಳಗಳಲ್ಲ, ಬಣ್ಣ ಬದಲಿಸಿದ ಎಲೆಗಳು.

ಕುಂಡದ ಕರಿಬೇವು ಒಳಗೆ ಬರಬೇಕಾದ್ದು ರಾತ್ರಿಯ ತಾಪ 10 ಡಿಗ್ರಿಗೆ ಇಳಿಯುವ ಮೊದಲು. ಒಳಗೆ ತಂದ ಮೇಲೂ ಡಿಸೆಂಬರ್‌ನಲ್ಲಿ ಎಲೆ ಹಳದಿಯಾಗಿ ಉದುರುತ್ತದೆ. ಹೆದರಿ ನೀರು ಹೆಚ್ಚು ಹಾಕಿದರೆ ಬೇರು ಕೊಳೆಯುತ್ತದೆ. ಗಿಡ ವಿಶ್ರಾಂತಿಯಲ್ಲಿದೆ, ಮಣ್ಣು ಒಣಗಿದಾಗಷ್ಟೇ ನೀರು ಸಾಕು, ಮಾರ್ಚ್‌ನಲ್ಲಿ ಚಿಗುರುತ್ತದೆ. ಇನ್ನೊಂದು ರಾಜ್ಯದಲ್ಲಿರುವ ತಂಗಿಗೆ ಒಂದು ಸಸಿ ಒಯ್ದು ಕೊಡೋಣ ಎಂದರೆ ಕಾನೂನು ಅಡ್ಡ ಬರಬಹುದು. ಕಿತ್ತಳೆ ಜಾತಿಯ ಮರಗಳಿಗೆ ಗ್ರೀನಿಂಗ್ ರೋಗ ಹರಡುವ ಸಿಲಿಡ್ ಎಂಬ ಪುಟ್ಟ ಕೀಟಕ್ಕೆ ಕರಿಬೇವು ಅಚ್ಚುಮೆಚ್ಚು. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿದ ಆ ರೋಗ ಅಲ್ಲಿನ ಕಿತ್ತಳೆ ಬೆಳೆಯನ್ನೇ ನೆಲಕಚ್ಚಿಸಿತು. ಅದಕ್ಕೇ ಫ್ಲಾರಿಡಾ, ಟೆಕ್ಸಸ್, ಕ್ಯಾಲಿಫೋರ್ನಿಯಾದಂಥ ಕಡೆಗಳಿಂದ ಗಿಡ ಹೊರಗೊಯ್ಯಲು ನಿರ್ಬಂಧವಿದೆ.

ತುಳಸಿ ಫ್ರಾಸ್ಟ್‌ಗೆ ಒಂದು ರಾತ್ರಿಯೂ ತಾಳದು. ಕಾರ್ತಿಕದ ಉತ್ಥಾನ ದ್ವಾದಶಿ ಬರುವ ಹೊತ್ತಿಗೆ ಚಿಕಾಗೊ, ಟೊರಾಂಟೊಗಳ ಅಂಗಳದ ತುಳಸಿ ಕಪ್ಪಾಗಿರುತ್ತದೆ. ಆದ್ದರಿಂದ ಅಲ್ಲಿ ತುಳಸಿ ಮದುವೆ ನಡೆಯುವುದು ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ, ನೆಲ್ಲಿ ಕೊಂಬೆಯಿಲ್ಲದೆ.

ತೋಟದ ನಲ್ಲಿ, ಪೈಪುಗಳ ನೀರನ್ನು ಖಾಲಿ ಮಾಡುವುದನ್ನು ಮರೆಯುವಂತಿಲ್ಲ. ನೀರು ಮಂಜುಗಡ್ಡೆಯಾಗುವಾಗ ಶೇ 9ರಷ್ಟು ಹಿಗ್ಗಿ ಹಿತ್ತಾಳೆ ನಲ್ಲಿಯನ್ನೂ ಸೀಳಬಲ್ಲದು. ಒಡೆದದ್ದು ಗೊತ್ತಾಗುವುದು ವಸಂತದಲ್ಲಿ, ಗೋಡೆಯೊಳಗೆ ನೀರು ಹರಿದಾಗ.

ಹಿಮ ಕರಗಿಸಲು ದಾರಿಗೆ ಎರಚುವ ಉಪ್ಪು ಅಂಚಿನ ಹುಲ್ಲನ್ನು ಸುಡುತ್ತದೆ. ಕೆಲವು ಊರುಗಳು ಉಪ್ಪು ಕಡಿಮೆ ಮಾಡಲು ಅದಕ್ಕೆ ಸಕ್ಕರೆ ಬೀಟ್‌ನ ರಸ ಬೆರೆಸುತ್ತವೆ. ಮನೆ ಮೆಟ್ಟಿಲಿಗೆ ಮರಳು ಸಾಕು.

ಲೈಲಾಕ್, ಫೋರ್ಸಿಥಿಯಾಗಳನ್ನು ಶರತ್ಕಾಲದಲ್ಲಿ ಕತ್ತರಿಸಿದರೆ ವಸಂತದ ಹೂವನ್ನೇ ಕತ್ತರಿಸಿದಂತೆ. ಅವುಗಳ ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತದೆ. ಗುಲಾಬಿಯನ್ನು ಬೆಂಗಳೂರಿನವರು ಅಕ್ಟೋಬರ್‌ನಲ್ಲಿ ಸವರುವುದು ಸರಿ. ಚಳಿನಾಡಿನಲ್ಲಿ ಸವರಿದರೆ ಎಳೆ ಚಿಗುರು ಬಂದು ಫ್ರಾಸ್ಟ್‌ಗೆ ಸಿಕ್ಕಿ ಕರಟುತ್ತದೆ.

ಅಮೆರಿಕದ ಕೃಷಿ ಇಲಾಖೆ ಚಳಿಯ ಕಡುಮೆಯ ಮೇಲೆ ದೇಶವನ್ನು 13 ವಲಯ ಮಾಡಿ ನಕ್ಷೆ ಹೊರಡಿಸುತ್ತದೆ. ಯಾವ ಗಿಡ ಎಲ್ಲಿ ಬದುಕೀತು ಎಂದು ನರ್ಸರಿಗಳು ಅದನ್ನು ನೋಡಿಯೇ ಚೀಟಿ ಅಂಟಿಸುತ್ತವೆ. 2023ರಲ್ಲಿ ಹೊಸ ನಕ್ಷೆ ಬಂದಾಗ ದೇಶದ ಅರ್ಧದಷ್ಟು ಭಾಗ ಅರ್ಧ ವಲಯ ಬೆಚ್ಚಗಿನ ಕಡೆಗೆ ಸರಿದಿತ್ತು. ನಿಮ್ಮ ಬಳಿ ಇರುವುದು ಹಳೆಯ ನಕ್ಷೆಯಾದರೆ ಬದಲಿಸಿ.

ಮೆಲ್ಬರ್ನ್ ಕನ್ನಡಿಗರು ಇದಕ್ಕೆಲ್ಲ ಆರು ತಿಂಗಳು ಕೂಡಿಸಿಕೊಂಡು ಓದಬೇಕು. ಅಲ್ಲಿ ಶರತ್ಕಾಲ ಮಾರ್ಚ್‌ನಿಂದ ಮೇವರೆಗೆ. ಇಲ್ಲಿ ಯುಗಾದಿಗೆ ಮಾವು ಚಿಗುರುವಾಗ ಅಲ್ಲಿ ಎಲೆ ಗುಡಿಸುವ ಕೆಲಸ ಶುರುವಾಗುತ್ತದೆ. ಟ್ಯುಲಿಪ್ ನೆಡುವುದಿದ್ದರೆ ಗಡ್ಡೆಗಳನ್ನು ಆರೆಂಟು ವಾರ ಫ್ರಿಜ್‌ನಲ್ಲಿಟ್ಟು ಮೇ ತಿಂಗಳಲ್ಲಿ ನೆಡಬಹುದು. ಸೇಬು, ಬಾಳೆಹಣ್ಣಿನ ಪಕ್ಕ ಮಾತ್ರ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲ ಗಡ್ಡೆಯೊಳಗಿನ ಮೊಗ್ಗನ್ನು ಹಾಳು ಮಾಡುತ್ತದೆ.